ಅಪೊಂಡಿ ಒಪ್ಪಿಕೊಂಡ ಮಾಟ

ದೋಣಿಯ ಹುಟ್ಟಿನ ಮೊದಲ ಏಟು ಅಪೊಂಡಿಯ ಬೆನ್ನಿಗೆ ಬಿತ್ತು. ಮತ್ತೊಂದು ಬೀಳುವಷ್ಟರಲ್ಲಿ ಅವಳು ಬಸಿರನ್ನು ಎರಡೂ ತೋಳಲ್ಲಿ ಅವುಚಿಕೊಂಡು, ಒಣಹಾಕಿದ್ದ ಒಮೆನಾ ಮೀನಿನ ಮೇಲೆ ಮಗ್ಗುಲಾಗಿ ಉರುಳಿದ್ದಳು.

"ಬಿಚ್ಚು," ಅಂದ ಗಂಡ ಒಕುಂಬೆ. "ಮಾಟ ಕಟ್ಟಿದವಳು ನೀನೇ ತಾನೆ."

ಗುಡಿಸಲೊಳಗೆ ಅವನ ಕಿರಿಯ ಹೆಂಡತಿ ಅಜ್ವಾಂಗ್ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದಳು. ಚೊಚ್ಚಲ ಬಸುರಿ. ಮೈ ಕೆಂಡ, ತುಟಿ ಸುಣ್ಣ. ಬೆಳಗಿನಿಂದ ಮಾತು ನಿಂತಿತ್ತು.

"ಅದು ಮಲೇರಿಯಾ," ಅಂದಳು ಅಪೊಂಡಿ.

ಅತ್ತೆ ಉಗಿದಳು. "ಈ ಸರೋವರದ ದಡದಲ್ಲಿ ಬೆಳೆದವ್ರಿಗೆ ಮಲೇರಿಯಾ ಅಂದ್ರೆ ನೆಗಡಿ ಕಣೆ. ಕೂಸುಗಳನ್ನ ಕೊಲ್ಲುತ್ತೆ, ದೊಡ್ಡವ್ರನ್ನಲ್ಲ. ಅದೇ ಅಂಗಳ, ಅದೇ ಸೊಳ್ಳೆ. ಅವಳೂ ಬಸುರಿ, ನೀನೂ ಬಸುರಿ. ನೀನು ಗುಂಡುಕಲ್ಲಿನ ಹಾಗೆ ಓಡಾಡ್ಕೊಂಡಿದ್ದೀಯ, ಅವಳೊಬ್ಳೇ ಸಾಯ್ತಿದ್ದಾಳೆ. ಯಾಕೆ, ಹೇಳು ನೋಡೋಣ."

"ನಂದು ಐದನೇದು ಅತ್ತೆ. ಮೊದಲನೇದ್ರಲ್ಲಿ ನಾನೂ ಹೀಗೇ ಬಿದ್ದಿರ್ಲಿಲ್ವಾ, ಕೂಸನ್ನ ನೀವೇ ಮಣ್ಣು ಮಾಡ್ಲಿಲ್ವಾ? ಆಚೆ ದಡದ ಆಸ್ಪತ್ರೆ ನರ್ಸ್ ಆಗ್ಲೇ ಹೇಳಿದ್ಲು. ಚಿಕ್ಕಂದಿನಿಂದ ಜ್ವರ ಬಂದೂ ಬಂದೂ ಮೈ ಕಲಿತಿದ್ದು ಚೊಚ್ಚಲಿಗೆ ಸಾಲಲ್ಲ. ಜ್ವರ ಬಸಿರೊಳಗಿನ ಮಾಸಿನಲ್ಲಿ ಅಡಗಿ ಕೂರುತ್ತೆ. ಒಂದೆರಡು ಹೆತ್ತ ಮೇಲೆ ಮೈ ಅದನ್ನೂ ಕಲಿಯುತ್ತೆ."

"ಕೇಳಿದೇನೋ ಮಗನೇ, ಜ್ವರ ಬಸಿರೊಳಗೆ ಅಡಗಿ ಕೂರುತ್ತಂತೆ. ಮಾಟ ಅಂದ್ರೆ ಇನ್ನೇನು ಮತ್ತೆ?" ಅತ್ತೆ ನಕ್ಕಳು.

ಈ ಸಲದ ಏಟು ದವಡೆಗೆ. ಹಲ್ಲೊಂದು ನಾಲಿಗೆಯ ಮೇಲೆ ಉದುರಿತು. ಬೇಲಿಯಾಚೆ ನಿಂತವರ ಮುಷ್ಟಿಯಲ್ಲಿ ಕಲ್ಲುಗಳಿದ್ದವು, ಒಬ್ಬನ ಕೈಯಲ್ಲಿ ಸೀಮೆಎಣ್ಣೆ. ಬಾಗಿಲೊಳಗೆ ಅಜ್ವಾಂಗಳ ಕಣ್ಣಾಲಿ ಮೇಲೆ ಸಿಕ್ಕಿಕೊಂಡು, ಕೈಕಾಲು ಸೆಟೆದು ಎಳೆಯತೊಡಗಿದ್ದನ್ನು ಅಪೊಂಡಿ ಕಂಡಳು. ನಿಜ ಹೇಳುತ್ತ ಕೂತರೆ ಹುಡುಗಿ ಉಳಿಯುವುದಿಲ್ಲ.

ಅವಳು ರಕ್ತ ಉಗಿದಳು. "ಹೌದು, ನಾನೇ ಕಟ್ಟಿದ್ದು. ನೀರು ದಾಟದೆ ಬಿಚ್ಚೋಕೆ ಬರಲ್ಲ. ಆಸ್ಪತ್ರೇಲಿ ಅವಳ ತೋಳಿಗೆ ಸೂಜಿ ಇಳಿಯೋ ಹೊತ್ತಿಗೆ ನಾನು ಪಕ್ಕದಲ್ಲಿರ್ಬೇಕು. ಎತ್ಕೋ ಅವಳನ್ನ."

ನಿಜವನ್ನು ಒಲ್ಲದವರು ಈ ಸುಳ್ಳನ್ನು ಗುಟುಕ್ಕನೆ ನುಂಗಿದರು. ಒಕುಂಬೆ ಅಜ್ವಾಂಗಳನ್ನು ಹೊತ್ತೋಡಿದ. ಅಪೊಂಡಿಯ ಮಣಿಕಟ್ಟಿಗೆ ಬಲೆಯ ಹಗ್ಗ ಬಿಗಿದು ದೋಣಿಯ ತಳಕ್ಕೆ ಎಸೆದರು. ದಡ ಬಿಡುವಾಗ ಅವಳ ಗುಡಿಸಲಿನ ಸೂರು ಹೊತ್ತಿಕೊಂಡಿತು. ಮಕ್ಕಳು ಶಾಲೆಯಿಂದ ಇನ್ನೂ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಔಷಧಿ ಹನಿಹನಿಯಾಗಿ ಇಳಿಯಿತು. ಬಹಳ ಹೊತ್ತಿನ ಮೇಲೆ ಅಜ್ವಾಂಗ್ ಕಣ್ಣು ತೆರೆದು, "ಅಕ್ಕಾ, ನೀರು," ಅಂದಳು. ಅವಳ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಆಲಿಸಿದ ನರ್ಸ್ ತಲೆಯಾಡಿಸಿದಳು. ಕೂಸೂ ಉಳಿದಿತ್ತು.

ನರ್ಸ್ ಕತ್ತರಿಯಿಂದ ಹಗ್ಗ ಕತ್ತರಿಸಿ, "ಯಾರು ಹೀಗೆ ಹೊಡೆದಿದ್ದು?" ಎಂದಳು.

ಅಪೊಂಡಿ ತಿರುಗಿ ನೋಡಿದಳು. ಬಾಗಿಲಲ್ಲಿ ಒಕುಂಬೆ ದೋಣಿಯ ಹುಟ್ಟು ಹಿಡಿದು ನಿಂತಿದ್ದ. ಬಿಚ್ಚಬಲ್ಲವಳು ಮತ್ತೆ ಕಟ್ಟಲೂ ಬಲ್ಲಳು ಎಂದು ಅವನಿಗೀಗ ಖಾತ್ರಿಯಾಗಿತ್ತು. ಅವಳು ಹೊರಗೆ ಬರಲೆಂದು ಕಾಯುತ್ತಿದ್ದ.