ಗೀಟು ಎಳೆಯಬೇಕಾದ ಊರು

ಮುಗಿಯದ ಜಗಳವನ್ನು ಪಾಠ ಮಾಡಿ ಪುಸ್ತಕಕ್ಕೆ ಹಾಕಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಕೇಳುವುದಿದೆ. ದೇಶ ಎರಡಾಗಿ ಹೊಡೆದಾಡುತ್ತಿರುವಾಗಲೇ 'ದೇಶ ಒಡೆದ ಬಗೆ' ಎಂಬ ಪಾಠ ಏಳನೆಯ ತರಗತಿಗೆ ಬಂತು. ಜೊತೆಗೊಂದು ಖಾಲಿ ನಕ್ಷೆ. ನಮ್ಮ ಕಡೆ ಉಳಿದ ಊರುಗಳಿಗೆ ಹಸಿರು, ಆ ಕಡೆ ಹೋದವಕ್ಕೆ ಕೆಂಪು, ಯಾರದೆಂದು ಇನ್ನೂ ತೀರ್ಮಾನವಾಗದ ಜಾಗಕ್ಕೆ ಬರೀ ಗೀಟು. ಮಕ್ಕಳು ಬಣ್ಣ ತುಂಬಬೇಕು, ನಾನು ಇಲಾಖೆಯ ಮಾದರಿ ಉತ್ತರ ನೋಡಿ ಅಂಕ ಹಾಕಬೇಕು. ಆ ಉತ್ತರ ಅಚ್ಚಾಗಿದ್ದು ಹೋದ ವರ್ಷ. ಅಲ್ಲಿಂದೀಚೆಗೆ ಎಷ್ಟು ಊರು ಕೈ ಬದಲಾಗಿವೆಯೋ ದೇವರೇ ಬಲ್ಲ.

ಶಾಲೆಯ ವ್ಯಾನ್ ಡ್ರೈವರನ ಮಗಳು ನನ್ನ ತರಗತಿಯಲ್ಲಿದ್ದಳು. ಬಾಯಿಗೆ ಬಿಡುವೇ ಕೊಡದ ಹುಡುಗಿ. ಸ್ಟಾಫ್ ರೂಮಿನಲ್ಲಿ ನಾವು ಅವಳಿಗಿಟ್ಟ ಹೆಸರು ರೇಡಿಯೋ. ಅವಳ ಅಮ್ಮ ಹೊಳೆಯ ಸೇತುವೆ ಇರುವ ಊರಿನ ಆಸ್ಪತ್ರೆಯಲ್ಲಿ ನರ್ಸು. ದಾರಿ ಮುಚ್ಚಿದ ದಿನ ಡ್ಯೂಟಿಯಲ್ಲಿದ್ದವಳು ಅಲ್ಲೇ ಸಿಕ್ಕಿಬಿದ್ದಿದ್ದಳು. ಅಲ್ಲಿನ ಫೋನುಗಳೂ ಸತ್ತು ತಿಂಗಳುಗಳಾಗಿದ್ದವು.

ಬುಧವಾರ ರೇಡಿಯೋ ತನ್ನ ನಕ್ಷೆ ತಂದು ಮೇಜಿನ ಮೇಲಿಟ್ಟಳು. ಗೀಟು ಎಳೆಯಬೇಕಾಗಿದ್ದ, ಅಮ್ಮ ಸಿಕ್ಕಿಬಿದ್ದ ಊರಿಗೆ ಒತ್ತಿ ಒತ್ತಿ ಹಸಿರು ಬಳಿದಿದ್ದಳು. ಕಾಗದ ತೂತಾಗುವುದೊಂದು ಬಾಕಿ. ನಾನು ಕೆಂಪು ಪೆನ್ನೆತ್ತಿದೆ.

"ತಪ್ಪು ಹಾಕ್ಬೇಡಿ ಮಿಸ್," ಅಂದಳು.

ಅಷ್ಟೇ, ಮುಂದೆ ಮಾತಿಲ್ಲ. ಆ ಹುಡುಗಿ ಸುಮ್ಮನಾಗಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಒಂದು ಅಂಕ ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡು ಸರಿ ಗುರುತು ಹಾಕಿ ಕಳಿಸಿದೆ.

ಮರುದಿನ ಮಕ್ಕಳನ್ನು ಇಳಿಸಿದ ಮೇಲೆ ಅವಳಪ್ಪ ಸ್ಟಾಫ್ ರೂಮಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಗಳ ನಕ್ಷೆ.

"ತುಂಬಾ ಉಪಕಾರ ಆಯ್ತು ಮೇಡಂ. ಈಗಲೇ ಹೊರಟೆ. ಸಾಯಂಕಾಲದೊಳಗೆ ಕರ್ಕೊಂಡ್ ಬಂದ್ಬಿಡ್ತೀನಿ."

"ಯಾರನ್ನ?"

"ನನ್ನ ಹೆಂಡ್ತೀನ. ಸೇತುವೆ ನಮ್ಮೋರ ಕೈಗೆ ಬಂದಿದೆಯಲ್ಲ!" ಅವನ ಬೆರಳು ನನ್ನ ಸರಿ ಗುರುತಿನ ಮೇಲಿತ್ತು.

ನಾನು ಕುರ್ಚಿಯಿಂದ ಎದ್ದೆ. "ಅಯ್ಯೋ, ಮಗು ಅಳ್ತಾಳೆ ಅಂತ ಹಾಕಿದ್ದು ಕಣಪ್ಪಾ! ಸೇತುವೆ ಯಾರ ಕೈಲಿದೆಯೋ ನಂಗೇನೂ ಗೊತ್ತಿಲ್ಲ."

ಅವನು ಬಾಗಿಲಾಚೆ ಒಮ್ಮೆ ಇಣುಕಿ ದನಿ ತಗ್ಗಿಸಿದ. "ಗೊತ್ತಿಲ್ದೇನೇ ಸರಿ ಹಾಕ್ತೀರಾ? ನೀವು ಅರ್ಧ ಅಂಕಾನೂ ಸುಮ್ನೆ ಕೊಡೋರಲ್ಲ ಅಂತ ಎಲ್ರಿಗೂ ಗೊತ್ತು. ಹೆದರ್ಕೋಬೇಡಿ ಮೇಡಂ, ನಿಮ್ಮ ಹೆಸರು ನನ್ನ ಬಾಯಲ್ಲಿ ಬರಲ್ಲ."

ಈ ಯುದ್ಧ ಶುರುವಾದಾಗಿನಿಂದ, ಗೊತ್ತಿದ್ದವರೆಲ್ಲ ಗೊತ್ತಿಲ್ಲ ಎನ್ನುವುದನ್ನು ಕಲಿತಿದ್ದಾರೆ. ಹಾಗಾಗಿ ನಾನು ಗೊತ್ತಿಲ್ಲ ಅಂದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. ಆಣೆ ಇಟ್ಟೆ, ಕೈಮುಗಿದೆ, ಕೊನೆಗೆ ಬಾಯಿಗೆ ಬಂದಂತೆ ಬೈದೆ. ಎಲ್ಲಕ್ಕೂ "ಆಯ್ತು ಮೇಡಂ, ಆಯ್ತು" ಎಂದು ಕಣ್ಣು ಮಿಟುಕಿಸಿದ. ಹೆಡ್‌ಮಾಸ್ಟರು ಹೇಳಿದರಾದರೂ ಕೇಳಿಯಾನೆಂದು ಅವರನ್ನು ಕರೆಯಲು ಓಡಿದೆ. ನಾವಿಬ್ಬರೂ ಗೇಟಿಗೆ ಬರುವಷ್ಟರಲ್ಲಿ ವ್ಯಾನು ತಿರುವು ದಾಟಿತ್ತು.

"ಚೆಕ್‌ಪೋಸ್ಟಿಗೆ ಫೋನ್ ಮಾಡಿ ತಡೆಸೋಣ ಸಾರ್," ಅಂದೆ.

"ಶತ್ರು ಕಡೆ ಹೊರಟೋನು ಅಂತ ಅವರೇ ಗುಂಡು ಹಾರಿಸಿದ್ರೆ?" ಅಂದರು.

ಅದೂ ನಿಜವೇ. ಏನು ಮಾಡಲೂ ತೋಚದೆ ಇಬ್ಬರೂ ಗೇಟು ಹಿಡಿದುಕೊಂಡು ನಿಂತೆವು. ಆಮೇಲೆ ಗಂಟೆ ಹೊಡೆಯಿತು, ನಾನು ಪಾಠಕ್ಕೆ ಹೋದೆ.

ಸಂಜೆ ವ್ಯಾನು ಬರಲಿಲ್ಲ. ಉಳಿದ ಮಕ್ಕಳನ್ನು ಅವರವರ ಮನೆಯವರು ಗೊಣಗುತ್ತಾ ಕರೆದೊಯ್ದರು. ರೇಡಿಯೋ ಮಾತ್ರ ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಪಕ್ಕದಲ್ಲಿ ನಾನೂ ಕೂತೆ. ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅಮ್ಮ ಬಂದ ಕೂಡಲೇ ಏನೇನು ಹೇಳಬೇಕೆಂದು ನನಗೆಲ್ಲ ಒಪ್ಪಿಸಿದಳು. ದೂರದಲ್ಲಿ ಯಾವ ಗಾಡಿಯ ಸದ್ದಾದರೂ ಎದ್ದು ನಿಂತು ಮತ್ತೆ ಕೂರುತ್ತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಕತ್ತಲಾಗುತ್ತಾ ಬಂತು. ಅವಳ ನಕ್ಷೆ ಅಪ್ಪನ ಹತ್ತಿರವೇ ಇತ್ತಲ್ಲ. ಪುಸ್ತಕ ತೆಗೆದು ಅದರಲ್ಲಿದ್ದ ಇನ್ನೊಂದು ಖಾಲಿ ನಕ್ಷೆಗೆ ಬಣ್ಣ ಹಚ್ಚತೊಡಗಿದಳು. ಮೊದಲು ಅಮ್ಮನ ಊರಿಗೆ ಹಸಿರು. ಆಮೇಲೆ ಅಲ್ಲಿಂದ ನಮ್ಮ ಊರಿನ ತನಕ ಇಡೀ ದಾರಿಗೂ ಹಸಿರು.

"ಈಗ ಅಪ್ಪ ಅಮ್ಮ ಇಲ್ಲೆಲ್ಲೋ ಬರ್ತಿರ್ತಾರೆ ಅಲ್ವಾ ಮಿಸ್?" ಎಂದು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ನನ್ನ ಚೀಲದಿಂದ ಕೆಂಪು ಪೆನ್ನನ್ನು ತಾನೇ ಹುಡುಕಿ ತೆಗೆದು ಕೈಗೆ ಕೊಟ್ಟಳು.

ಈ ಸಲವೂ ನನ್ನಿಂದ ತಪ್ಪು ಹಾಕಲಾಗಲಿಲ್ಲ.