ಗಿರಣಿಯ ಸಪ್ಪಳ

ಪ್ರತಿ ಕವಿತೆಯಲ್ಲೂ ಕವಿಯ ಊರಿನ ಹೆಸರು ಬರಬೇಕೆಂದು ಕವಿಗೋಷ್ಠಿಯ ಆಮಂತ್ರಣದಲ್ಲಿ ಷರತ್ತು ಹಾಕಿಸಿದವನು ಅಧ್ಯಕ್ಷ ಮುರಗೆಪ್ಪನೇ. ತನ್ನೂರು ಹುಣಸವಾಡಿಯ ಕಬ್ಬು, ದ್ರಾಕ್ಷಿಯ ಮೇಲೆ ನಾಲ್ಕು ಸಾಲು ಹೊಗಳಿಕೆ ಕೇಳುವ ಆಸೆ ಆ ದೊಡ್ಡ ಮನುಷ್ಯನಿಗೆ. ಅದೇ ಊರಿನ ಸಪನಾ ಷರತ್ತು ಪಾಲಿಸಿದ್ದೇ ತಪ್ಪಾಯಿತು.

ಸಪನಾ ಅಥಣಿ ಬಸ್ಸಿನ ಕಂಡಕ್ಟರ್. 2012ರ ಆ ಭಾನುವಾರ ರಜೆ ಹಾಕಿ, ಹೆತ್ತ ಆಯಿ ಸುಂದರಾಳನ್ನೂ ಕರೆದುಕೊಂಡು ಕಾಗವಾಡದ ಗೋಷ್ಠಿಗೆ ಬಂದಿದ್ದಳು. ಕವಿತೆಯ ಹೆಸರು 'ಹುಣಸವಾಡಿಯ ಗಿರಣಿ'. ಎಂಟು ವರ್ಷದ ಹಿಂದೆ, ಏಪ್ರಿಲ್ ಹದಿನಾಲ್ಕರ ಜಯಂತಿಯ ಮೆರವಣಿಗೆ ಊರಬಾಗಿಲ ಅಗಸಿ ದಾಟಿ ಒಳಗೆ ಬಂತೆಂದು, ಸಪನಾ ಹುಟ್ಟಿ ಬೆಳೆದ ಬೌದ್ಧ ದಲಿತರ ಕೇರಿಗೆ ಬಹಿಷ್ಕಾರ ಬಿದ್ದಿತ್ತು. ಕಿರಾಣಿ ಸಾಮಾನಿಲ್ಲ, ಕೂಲಿಯಿಲ್ಲ, ಮುರಗೆಪ್ಪನ ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸುವಂತಿಲ್ಲ. ಊರವರಿಗೆ ಅದೆಲ್ಲ ಮರೆತುಹೋಗಿದೆಯಂತೆ. ಹಸಿದವರು ಅವರಲ್ಲವಲ್ಲ!

ಕವಿತೆಯ ಹೆಸರು ಕೂಗಿದ್ದೇ ತಡ, ವೇದಿಕೆಯ ಮೆಟ್ಟಿಲ ಬಳಿ ಮುರಗೆಪ್ಪ ಅವಳನ್ನು ತಡೆದ. "ಊರ ಹೆಸರ ತಗದ ಓದಬೇ. ಒಂದೂರು ಅಂದ್ರ ಆತು. ನಿಮ್ಮವ್ವ ನಾಳೆ ನನ್ನ ತ್ವಾಟಕ್ಕ ಕೂಲಿಗೆ ಬರೂದೈತಿ, ನೆನಪಿರ್ಲಿ."

ಪಕ್ಕದಲ್ಲೇ ಕುಳಿತಿದ್ದ ಆಯಿಗೂ ಅದು ಕೇಳಿಸಿತ್ತು. ಅವಳ ಕೂಲಿಗೆ ಕಲ್ಲು ಹಾಕಲೇ? ಕವಿತೆ ಮಡಚಿ ವಾಪಸು ಹೋಗಿಬಿಡೋಣ ಎನಿಸಿತು ಸಪನಾಳಿಗೆ. ಆಯಿ ಮಗಳ ಮುಖ ನೋಡಿದಳೇ ಹೊರತು ಓದಬೇಡ ಅನ್ನಲಿಲ್ಲ. ಸಪನಾ ಮೆಟ್ಟಿಲು ಹತ್ತಿದಳು.

"ಹುಣಸವಾಡಿಯ ಗಿರಣಿಯೇ, ನಮ್ಮ ಜೋಳ ಕಂಡು ಬಾಗಿಲು ಮುಚ್ಚಿದೆಯಲ್ಲ..."

ಯಾರೋ ಮೈಕು ಬಂದ್ ಮಾಡಿದರು. ತುಂಬಿದ ಬಸ್ಸಿನಲ್ಲಿ ಕೂಗಿ ಪಳಗಿದ ಗಂಟಲು ಅವಳದು, ಮೈಕಿನ ಹಂಗೇಕೆ? ಓದುತ್ತಲೇ ಹೋದಳು.

"ಸಾಕ್ ಮಾಡ್ರಿ! ಹಳೇದೆಲ್ಲಾ ಯಾಕ ಕೆದರಾಕತ್ತೀರಿ?" ಎಂದು ಸಭೆಯಿಂದ ಕೂಗೆದ್ದಿತು.

ಮುರಗೆಪ್ಪ ಮೇಜು ಗುದ್ದಿದ. "ಇದು ಕವಿತಾ ಅಲ್ಲ, ಹಸೀ ಸುಳ್ಳು! ನನ್ನ ಗಿರಣಿ ಒಂದ ದಿನಾನೂ ಬಾಗಿಲಾ ಮುಚ್ಚಿಲ್ಲ!"

ಸುಂದರಾ ಸೆರಗು ಸರಿಮಾಡಿಕೊಂಡು ಎದ್ದುನಿಂತಳು.

"ಖರೇ ಐತ್ರಿ ಸಾವ್ಕಾರ್ರ. ಗಿರಣಿ ದಿನಾ ನಡೀತಿತ್ತು. ನಾವು ಕೇರ್ಯಾಗ ಜ್ವಾಳಾ ಕುದಿಸ್ಕೊಂಡು ತಿನ್ಕೋತ ಅದರ ಸಪ್ಪಳಾ ಕೇಳ್ತಿದ್ವಿ."

ಆಯಿ ಮಗಳತ್ತ ತಿರುಗಿದಳು. "ಆ ಸಾಲ ತಿದ್ದ, ಸಪನಾ. ಊರ ಹೆಸರ ಇರ್ಲಿ." ಆಮೇಲೆ ಮುರಗೆಪ್ಪನಿಗೆ, "ನಾಳಿಂದ ನಾ ತ್ವಾಟಕ್ಕ ಬರೂದಿಲ್ರಿ" ಅಂದಳು.

ಚಪ್ಪಾಳೆ ಬೀಳಲಿಲ್ಲ. ಮುರಗೆಪ್ಪ ಗುರಾಯಿಸುತ್ತಲೇ ಇದ್ದ. ಸಪನಾ ನಿಂತಲ್ಲೇ ಸಾಲು ತಿದ್ದಿ, ಮೊದಲಿನಿಂದ ಓದಲು ಶುರುಮಾಡಿದಳು.

"ದಿನಾ ನಡೆಯುತ್ತಿದ್ದ ಹುಣಸವಾಡಿಯ ಗಿರಣಿಯೇ..."