ದಾನವ್ವ ಸಾಯದ ನಾಟಕ

ದಾನವ್ವನ ಬಾಳು ನಾಟಕವಾಗುತ್ತದೆಂದು ಜೋಗೇಶ್ವರಿಯ ಆ ಚಾಳಿನಲ್ಲಿ ಯಾರೂ ಎಣಿಸಿರಲಿಲ್ಲ. ದಾನವ್ವನಂತೂ ಕನಸಿನಲ್ಲೂ ಎಣಿಸಿದವಳಲ್ಲ. ವಿಜಾಪುರದ ಕಡೆಯಿಂದ ಗಂಡ ಗದಿಗೆಪ್ಪನ ಹಿಂದೆ ಮುಂಬಯಿಗೆ ಬಂದವಳು, ವರ್ಷಗಟ್ಟಲೆ ಅವನ ಏಟು ತಿಂದವಳು, ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತಿ ಬಿಡುಗಡೆ ಪಡೆದವಳು. ಗದಿಗೆಪ್ಪ ಕೆಲವು ತಿಂಗಳು ಜೈಲಿನಲ್ಲಿದ್ದು ಹೊರಬಂದವನು ಸೊಲ್ಲಾಪುರದ ಕಡೆ ಹೋದನೆಂದು ಸುದ್ದಿ. ಅವಳು ವಿಚಾರಿಸಲು ಹೋಗಲಿಲ್ಲ. ಹತ್ತಿರದ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗಳನ್ನು ಆರಿಸುವ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ರೊಟ್ಟಿ ಬಡಿದು, ತನಗೆ ಬೇಕಾದಷ್ಟು ಖಾರ ಹಾಕಿ ಪಲ್ಯ ಮಾಡಿ, ಯಾರೂ ತಾಟು ಎಸೆಯದ ಖೋಲಿಯಲ್ಲಿ ಕುಳಿತು ನಿಧಾನವಾಗಿ ತಿನ್ನುವುದೇ ಅವಳಿಗೆ ದೊಡ್ಡ ಸುಖ.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಶೀಲಾವತಿ ಇದ್ದಳು. ಅವಳ ಗಂಡ ಚೆನ್ನಯ ಅಂಧೇರಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅಲ್ಲಿಗೆ ಕಾಫಿಗೆ ಬರುತ್ತಿದ್ದ ರಮಾನಾಥನೆಂಬ ಮಂಗಳೂರಿನ ಗುಮಾಸ್ತನಿಗೆ ದಾನವ್ವನ ಕಥೆ ಚೆನ್ನಯನ ಬಾಯಿಂದಲೇ ಗೊತ್ತಾದದ್ದು. ರಮಾನಾಥನಿಗೆ ನಾಟಕ ಬರೆಯುವ ಹುಚ್ಚು. ಅದು ಕನ್ನಡ ನಾಡು ಒಂದಾದ ವರ್ಷ. ಸಂಭ್ರಮಕ್ಕೆಂದು ಅವನ ಸಂಘದವರು ಹೊಸ ನಾಟಕವೊಂದನ್ನು ಕೇಳಿದ್ದರು. ಒಂದು ಸಂಜೆ ಅವನು ಚಾಳಿಗೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಬಳಿ ನಿಂತುಕೊಂಡು ಕೇಳಿದ:

"ನಿಮಗೆ ಬೇಸರ ಇಲ್ಲದಿದ್ದರೆ ನಿಮ್ಮ ವಿಷಯ ನಾಟಕ ಮಾಡಬಹುದೋ?"

"ಹೆಸರು ಹಾಕಬ್ಯಾಡ್ರಿ ಸಾಹೇಬ್ರ. ಉಳಿದಿದ್ದು ಹಾಕ್ರಿ. ನಾ ಏನ್ ಕಳವು ಮಾಡೀನೇನು?" ಎಂದಳು ದಾನವ್ವ.

ಒಂದು ಭಾನುವಾರ ಶೀಲಾವತಿಯನ್ನು ಕರೆದುಕೊಂಡು ಅವಳು ತಾಲೀಮು ನೋಡಲು ಹೋದಳು. ಅಂಧೇರಿಯ ಶಾಲೆಯೊಂದರಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ನಾಯಕಿ ಗೌರಿಯ ಪಾತ್ರ ವಿನೋದಿನಿ ಎಂಬ ಕಾಲೇಜು ಹುಡುಗಿಯದು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡವನ್ನು ತಡೆದು ತಡೆದು ಆಡುತ್ತಿದ್ದಳು. ಗಂಡನ ಪಾತ್ರ ಧಾರವಾಡದ ಶಿವಪುತ್ರಪ್ಪನದು. ಆಳು ಬಾಗಿಲು ತುಂಬುವಷ್ಟಿದ್ದರೂ ಪಾಪದ ಮನುಷ್ಯ. ಹೊಡೆಯುವ ದೃಶ್ಯ ಬಂದರೆ ಅರ್ಧಕ್ಕೇ ಕೈ ಇಳಿಸಿ, "ಪೆಟ್ಟಾತೇನವಾ?" ಎಂದು ಹುಡುಗಿಯನ್ನು ಕೇಳಿಬಿಡುತ್ತಿದ್ದ. ದಾನವ್ವ ಸೆರಗು ಬಾಯಿಗಿಟ್ಟು ನಕ್ಕಳು. ಗದಿಗೆಪ್ಪನ ಹೊಡೆತವನ್ನು ನೆನೆದು ನಗು ಬರಬಹುದೆಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಕೊನೆಯ ದೃಶ್ಯದಲ್ಲಿ ಗೌರಿ ವಿಷ ಕುಡಿದು ಸತ್ತಳು. ಗಂಡ ಹೆಣದ ಮೇಲೆ ಬಿದ್ದು, ತಪ್ಪಾಯಿತೆಂದು ಗೋಳಾಡಿದ. ಊರಿಂದ ಓಡಿಬಂದ ಅಣ್ಣ ಅವನ ಕೊರಳಪಟ್ಟಿ ಹಿಡಿದ. ಮುಗಿಯಿತು.

ದಾನವ್ವ ಮೆಲ್ಲಗೆ ಕೇಳಿದಳು, "ಈಕಿ ಯಾಕ ಸತ್ಲು?"

"ಜನ ಅಳಬೇಕಲ್ಲ," ಎಂದ ರಮಾನಾಥ.

"ನಾ ಸತ್ತಿಲ್ಲಲ್ರೀ! ಮುಂಜಾನೆ ರೊಟ್ಟಿ ತಿಂದು ಬಂದೀನಿ. ಅಣ್ಣನೂ ಬಂದಿಲ್ಲ. ಅಣ್ಣ ಇದ್ದರಲ್ಲ ಬರೂದು?"

"ನಾಟಕ ಅಂದ ಮೇಲೆ ಸ್ವಲ್ಪ ಬದಲು ಮಾಡಬೇಕಾಗ್ತದೆ..."

"ಮಾಡ್ರಿ. ಆದರ ಕೊಂದು ಬಿಟ್ರ ಬದಲು ಮಾಡಿದಂಗ ಆತೇನು? ನನ್ನಂಥಾಕಿ ಒಬ್ಬಾಕಿ ನೋಡಾಕ ಬಂದಿರ್ತಾಳ ಅಂತ ತಿಳೀರಿ. ಮನೀಗೆ ಹೋಗಿ ಆಕಿ ಏನ್ ಮಾಡಬೇಕು?"

ನೆಲದ ಮೇಲೆ ಸತ್ತು ಮಲಗಿದ್ದ ವಿನೋದಿನಿ ಎದ್ದು ಕೂತು, "ನನಗೂ ಮರ್ನಾ ಪಸಂದ್ ಇಲ್ಲ, ಸರ್," ಎಂದಳು. "ಹಾಗಾದರೆ ನಿಜಕ್ಕೂ ಏನಾಯಿತು, ಆಂಟಿ?"

ದಾನವ್ವ ಅದನ್ನು ಕೋರ್ಟಿನಲ್ಲಿ ಒಮ್ಮೆ ಹೇಳಿದ್ದಳು, ನಡುಗುತ್ತ. ಈಗ ಬೆಂಚಿನ ಮೇಲೆ ಕಾಲು ಮಡಚಿ ಕೂತು ಹೇಳಿದಳು.

"ಅಂವ ಹೊಡೀಲಿಕ್ಕೆ ಹತ್ತಿದಾಗೆಲ್ಲ ಈ ಶೀಲಕ್ಕ ಬಾಗಲಾ ಬಡೀತಿದ್ಲು. ಏನು ಸಪ್ಪಳ ಅಂತ ಕೇಳ್ತಿದ್ಲು. ನಾ ಒಳಗಿಂದನ, ಏನಿಲ್ಲಕ್ಕಾ, ಕೊಡಪಾನ ಬಿತ್ತು ಅಂತಿದ್ದೆ. ನಮ್ಮನ್ಯಾಗ ಎಷ್ಟು ಕೊಡಪಾನ ಬಿದ್ದಾವೋ ಏನೋ! ಅವತ್ತ ಮಧ್ಯಾಹ್ನ ಕೈ ಮುರದ. ಅಕ್ಕ ಬಾಗಲಾ ಬಡದ್ಲು. ಏನಿಲ್ಲ ಅನ್ನಾಕ ಬಾಯಿ ತೆರದೆ, ಮಾತ ಬರಲಿಲ್ಲ. ಚೊಲೋ ಇದ್ದ ಕೈಲೆ ಚಿಲಕ ತೆಗದೆ. ಅಷ್ಟ."

"ಅಷ್ಟೇ ಅಲ್ಲ ಮಾರಾಯ್ರೆ," ಎಂದು ಶೀಲಾವತಿ ಎದ್ದುನಿಂತಳು. "ನಾನು ಇವಳನ್ನು ನನ್ನ ಖೋಲಿಯಲ್ಲಿ ಕೂರಿಸಿದೆ. ಚಾಳಿನ ಹೆಂಗಸರೆಲ್ಲ ಮೊರ ಹಿಡ್ಕೊಂಡು ಬಂದು ಬಾಗಿಲಿಗೆ ಅಡ್ಡ ಕೂತರು. ಎಂತ ಕೆಲಸ? ಅಕ್ಕಿ ಆರಿಸುವುದು! ಅವನು ಬೊಬ್ಬೆ ಹೊಡೆದ, ಬೈದ. ಯಾರೂ ತಲೆ ಎತ್ತಲಿಲ್ಲ. ಅಷ್ಟು ಹೆಂಗಸರನ್ನು ತುಳಿದು ಬರ್ಲಿಕ್ಕೆ ಅವನಿಗೂ ಧೈರ್ಯ ಬೇಕಲ್ಲ! ಪೊಲೀಸ್ ಬರುವಷ್ಟರಲ್ಲಿ ಅಕ್ಕಿಯಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ."

ಶಿವಪುತ್ರಪ್ಪ ಗಹಗಹಿಸಿ ನಕ್ಕ. ರಮಾನಾಥ ನಗಲಿಲ್ಲ. ಶೀಲಾವತಿಯ ಮುಖವನ್ನೇ ನೋಡುತ್ತಿದ್ದವನು, "ಇದನ್ನೇ ಸ್ಟೇಜಿನ ಮೇಲೆ ಬಂದು ಹೇಳ್ತೀರಾ?" ಎಂದು ಕೇಳಿದ.

"ಅಯ್ಯೋ ದೇವರೇ! ನಾನಾ?" ಎಂದಳು ಶೀಲಾವತಿ. ಮರುದಿನದಿಂದಲೇ ಚೆನ್ನಯನನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಶುರುಮಾಡಿದಳು. ಅವನು ಗಂಡನ ಪಾತ್ರ ವಹಿಸಿ ವಹಿಸಿ ಸುಸ್ತಾದ.

ನಾಟಕದ ದಿನ ಮಧ್ಯಾಹ್ನ ಶಾಲೆಯ ಸಭಾಂಗಣ ತುಂಬಿತು. ಹೋಟೆಲಿನವರು ಬಂದಿದ್ದರು, ಚೆಂಬೂರಿನಿಂದಲೂ ಸಂಸಾರ ಸಮೇತ ಜನ ಬಂದಿದ್ದರು. ದಾನವ್ವ ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಚೆನ್ನಯನ ಪಕ್ಕ ಕುಳಿತಳು. ತಾಲೀಮಿನಲ್ಲಿ ಬಂದ ನಗು ಇಲ್ಲಿ ಬರಲಿಲ್ಲ. ದೀಪದ ಬೆಳಕಿನಲ್ಲಿ ಶಿವಪುತ್ರಪ್ಪನ ಕೈ ಮೇಲೇಳುತ್ತಲೇ ಅವಳ ಮೈ ತಾನಾಗಿ ಮುದುಡಿತು. ಎದ್ದು ಹೋಗಲೇ ಎಂದುಕೊಂಡಳು. ಅಷ್ಟರಲ್ಲಿ ಪರದೆಯ ಹಿಂದಿನಿಂದ ದಬದಬ ಸದ್ದು.

"ಎಂತದು ಗೌರಿ? ಎಂತ ಶಬ್ದ?"

ವಿನೋದಿನಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಸಭೆಯಲ್ಲಿದ್ದ ಯಾರೋ ಹೆಂಗಸು ಹಿಂದಿನಿಂದ, "ತೆಗಿಯವಾ, ಬಾಗಲಾ ತೆಗಿ!" ಎಂದು ಕೂಗಿಯೇಬಿಟ್ಟಳು. ವಿನೋದಿನಿ ಚಿಲಕ ತೆಗೆದಳು.

ಆಮೇಲೆ ಶೀಲಾವತಿಯದೇ ರಾಜ್ಯಭಾರ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ ತುಳುವಿನಲ್ಲಿ ಬೈಯತೊಡಗಿದಳು. ಶಿವಪುತ್ರಪ್ಪ ಒಂದು ಅಕ್ಷರ ಅರ್ಥವಾಗದೆ ನಿಜವಾಗಿಯೂ ಹಿಂದೆ ಸರಿದ. ಹೋಟೆಲಿನವರು ಬಿದ್ದು ಬಿದ್ದು ನಕ್ಕರು. ಮೊರ ಹಿಡಿದ ಹೆಂಗಸರು ಸಾಲಾಗಿ ಬಂದು ಕೂತಾಗ ಚಪ್ಪಾಳೆ ನಿಲ್ಲಲೇ ಇಲ್ಲ. ದಾನವ್ವನಿಗೆ ಕಣ್ಣೀರು ಬಂತು. ಒರೆಸಿಕೊಂಡಳು, ಮತ್ತೆ ಬಂತು. ಬರಲಿ ಎಂದು ಬಿಟ್ಟಳು. ಮುದುಡಿದ ಮೈ ಯಾವಾಗ ಸಡಿಲವಾಯಿತೆಂದು ಅವಳಿಗೇ ತಿಳಿಯಲಿಲ್ಲ.

ಹೊರಗೆ ಒಬ್ಬ ಹಿರಿಯರು, "ಕೊನೆಗೆ ದುಃಖ ಸಾಲದು," ಎಂದು ರಮಾನಾಥನಿಗೆ ಹೇಳುತ್ತಿದ್ದರು. ಅವನು ವಿನಯದಿಂದ ತಲೆಯಾಡಿಸಿದ. ಚೆಂಬೂರಿನವರು ಮಾತ್ರ ಮುಂದಿನ ತಿಂಗಳು ತಮ್ಮಲ್ಲೂ ಆಡಬೇಕೆಂದು ಅವನ ತೋಳು ಹಿಡಿದಿದ್ದರು.

ಚೆನ್ನಯ ಹೋಟೆಲಿಗೆ ಮರಳಿದ ಮೇಲೆ ಹೆಂಗಸರಿಬ್ಬರೂ ಲೋಕಲ್ ರೈಲು ಹತ್ತಿದಾಗ ಸಂಜೆಯ ಬಿಸಿಲು ಡಬ್ಬಿಯೊಳಗೆ ಬಿದ್ದಿತ್ತು. ಶೀಲಾವತಿಯ ಕೆನ್ನೆಯ ಬಣ್ಣ ಬೆವರಿಗೆ ಕುತ್ತಿಗೆವರೆಗೆ ಇಳಿದಿತ್ತು. ಎದುರಿಗಿದ್ದ ಮರಾಠಿ ಹೆಂಗಸರು ಅವಳನ್ನೇ ನೋಡುತ್ತಿದ್ದರು.

"ಹೇಗೆ ಮಾಡಿದೆ ಮಾರಾಯ್ತಿ? ನಿಜ ಹೇಳು."

"ಅವತ್ತ ನೀ ಇಷ್ಟು ಬೈದಿರಲಿಲ್ಲಕ್ಕಾ."

"ಅವತ್ತು ನನಗೂ ಹೆದರಿಕೆಯಿತ್ತು," ಎಂದಳು ಶೀಲಾವತಿ.

ದಾನವ್ವ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಜೋಗೇಶ್ವರಿ ಬರುವವರೆಗೂ ಬಿಡಲಿಲ್ಲ.